ಸಂದಿ ಮುಚ್ಚುವ ಆಯಮ್ಮ

ಹೋದ ಚಳಿಗಾಲದಲ್ಲಿ ಆಯಮ್ಮ ತೀರಿಕೊಂಡಾಗ ಮಣ್ಣಿಗೆ ಬಂದವರೆಲ್ಲ ನನ್ನ ಮುಂದೆ ಅವಳನ್ನು ಹೊಗಳಿದರು. ಎಂಥ ಕೈ, ಎಂಥ ಗಟ್ಟಿ ಜೀವ, ಓಣಿಗೇ ತಾಯಿ ಇದ್ದಂತಿದ್ದಳು ಎಂದರು. ನಾನು ಹೂಂಗುಟ್ಟಿದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ನನಗೂ ಗೊತ್ತು. ಆದರೆ ಹೊಗಳಿದವರಲ್ಲಿ ಒಬ್ಬರೂ ಅವಳ ಜೊತೆ ಒಂದೇ ಸೂರಿನ ಕೆಳಗೆ ಬದುಕಿದವರಲ್ಲ. ನಾನು ಬದುಕಿದ್ದೇನೆ. ಮಾತಿಗೆ ಹೇಳುವ ಒಂದೇ ಸೂರಲ್ಲ, ನಿಜವಾಗಿಯೂ ಒಂದೇ ಸೂರು.

ಮಾನ್ವಿಯ ನಮ್ಮ ಓಣಿಯಲ್ಲಿ ಹೆಂಚಿನ ಮನೆ ಎಂದರೆ ನಮ್ಮದೊಂದೇ. ಉಳಿದವು ಹಳೆಯ ಮಣ್ಣಿನ ಮಾಳಿಗೆಗಳು, ಈಗೀಗ ಆರ್‌ಸಿಸಿ. ಯಾವುದೋ ಕಾಲದಲ್ಲಿ ಒಬ್ಬ ಹತ್ತಿ ವ್ಯಾಪಾರಿ ಎಲ್ಲೋ ಹೆಂಚಿನ ಮನೆ ನೋಡಿ ಬಂದು, ಇಬ್ಬರು ಗಂಡುಮಕ್ಕಳಿಗೆಂದು ಈ ಜೋಡಿ ಮನೆ ಕಟ್ಟಿಸಿದನಂತೆ. ನಡುವೆ ಒಂದು ಗೋಡೆ, ಮೇಲೆ ಉದ್ದಕ್ಕೂ ಒಂದೇ ಛಾವಣಿ. ಮಕ್ಕಳು ಜಗಳಾಡಿ ಎರಡೂ ಭಾಗ ಮಾರಿದರು. ಒಂದನ್ನು ನಮ್ಮಪ್ಪ ಕೊಂಡ. ಇನ್ನೊಂದನ್ನು ಸರ್ಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದ ಇವಳು ಕೊಂಡಳು. ನಡುವಿನ ಗೋಡೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಟ್ಟಿತ್ತು. ಅಲ್ಲಿಂದ ಹೆಂಚಿನವರೆಗೆ ಬರೀ ಬಯಲು. ನಮ್ಮ ಮನೆಯ ಒಗ್ಗರಣೆ ಅವಳ ಮೂಗಿಗೆ, ಅವಳ ಮನೆಯ ಗೊರಕೆ ನಮ್ಮ ಕಿವಿಗೆ. ಊಟಕ್ಕೆ ಕೂತು ನಾನು ಹೆಂಡತಿಗೆ, "ಸಾರಿಗೆ ಉಪ್ಪು ಜಾಸ್ತಿ ಆಗೇದ," ಎಂದರೆ ಗೋಡೆಯ ಆಚೆಯಿಂದ ಉತ್ತರ ಬರುತ್ತಿತ್ತು: "ನಿನ್ನಿ ಕಮ್ಮಿ ಅಂದಿದ್ದಿ ತಮ್ಮಾ."

ಆಯಮ್ಮ ಕುಳ್ಳಗೆ, ಒರಳುಕಲ್ಲಿನಂತೆ ಗಟ್ಟಿಯಾಗಿದ್ದಳು. ಬಾಯಲ್ಲಿ ಸದಾ ತಂಬಾಕಿನ ಪುಡಿ. ಮಾತಾಡುವ ಮೊದಲು ಒಮ್ಮೆ ಮೂಗು ಏರಿಸುತ್ತಿದ್ದಳು, ಎದುರಿಗಿರುವವರು ಎಷ್ಟು ತಿಳಿಗೇಡಿಗಳು ಎಂಬುದು ಅದರಲ್ಲೇ ಗೊತ್ತಾಗುವಂತೆ. ದವಾಖಾನೆಯಲ್ಲಿ ಅಷ್ಟು ವರ್ಷ ಬಸುರಿಯರನ್ನು ಗದರಿಸಿ ಗದರಿಸಿ ಅವಳಿಗೆ ಇಡೀ ಊರೇ ಒಂದು ವಾರ್ಡಾಗಿಹೋಗಿತ್ತು. ಕಚೇರಿಯ ಜವಾನನಿರಲಿ, ಬಸ್ಸಿನ ಕಂಡಕ್ಟರನಿರಲಿ, ಎದುರಾಡಿದವರಿಗೆಲ್ಲ ಒಂದೇ ಮಾತು: "ನೀ ಹುಟ್ಟಿದಾಗ ನಿನ್ನ ಮೈ ಒರೆಸಿದಾಕಿ ನಾನು." ಊರಿನ ಅರ್ಧ ಜನರ ಮಟ್ಟಿಗೆ ಅದು ನಿಜವೂ ಆಗಿತ್ತು. ಹಾಗಾಗಿ ಯಾರೂ ವಾದಕ್ಕೆ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದವನು ನಾನೊಬ್ಬನೇ, ಏಕೆಂದರೆ ನಾನು ಹುಟ್ಟಿದ್ದು ರಾಯಚೂರಿನಲ್ಲಿ.

ನಮ್ಮಿಬ್ಬರ ಜಗಳವೆಲ್ಲ ಹೆಂಚಿನದು. ಅವಳು ದೇವದುರ್ಗದ ಕಡೆಯ ಅರಕೇರಾದವಳು, ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವಳು. ಆ ಕಡೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹರವುತ್ತಾರೆ, ಬಿರುಕು ಬಿಟ್ಟಲ್ಲೆಲ್ಲ ಮೆತ್ತಿ ತುಳಿದು ಗಟ್ಟಿ ಮಾಡುತ್ತಾರೆ. ಒಂದು ಬಿರುಕು ಉಳಿದರೂ ಮನೆ ಸೋರುತ್ತದೆ. ಮಣ್ಣಿನ ಮಾಳಿಗೆಗೆ ಅದು ಸರಿಯಾದ ಕ್ರಮವೇ. ಇವಳು ಅದನ್ನೇ ಹೆಂಚಿಗೂ ತಂದಳು. ಮಲಗಿ ಮೇಲೆ ನೋಡಿದರೆ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

"ಮಲಗಿದಲ್ಲಿಂದ ಮುಗಿಲು ಕಂಡ್ರ ಅದು ಮನಿ ಹ್ಯಾಂಗ ಆಗ್ತದ ತಮ್ಮಾ?"

"ಹೆಂಚಿನ ಮನಿ ಇರೂದೇ ಹಂಗಬೇ ಯವ್ವಾ. ಒಂದರ ಮ್ಯಾಲೆ ಒಂದು ಕುಂತಿರ್ತಾವ. ನೀರು ಜಾರಿ ಹೋಗ್ತದ, ಒಳಗ ಬರಂಗಿಲ್ಲ."

"ಬೆಳಕು ಬರ್ತದ, ನೀರು ಬರಂಗಿಲ್ಲ. ಭಾಳ ಶಾಣ್ಯಾ ಇದ್ದಿ ನೀ."

ನಾನು ರಾಯಚೂರಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವಳ ಕಾರಭಾರವೆಲ್ಲ ಆ ನಡುವೆ ನಡೆಯುತ್ತಿತ್ತು. ಒಂದು ವರ್ಷ ಅರಕೇರಾದಿಂದ ಚೀಲದ ತುಂಬ ಸವಳು ಮಣ್ಣನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದಳು. ಸೀರೆಯ ಕಚ್ಚೆ ಕಟ್ಟಿ, ನಿಚ್ಚಣಿಕೆ ಹಚ್ಚಿ, ತನ್ನ ಪಾಲಿನ ಹೆಂಚಿನ ಸಂದಿಗಳಿಗೆಲ್ಲ ಮಣ್ಣು ಮೆತ್ತಿದಳು. ಮೊದಲ ದೊಡ್ಡ ಮಳೆಗೆ ಆ ಮಣ್ಣು ಕರಗಿ ನನ್ನ ಊಟದ ತಾಟಿಗೆ ಇಳಿಯಿತು. ಹೆಂಚುಗಳು ಕೂರುವುದು ಅಡ್ಡಲಾಗಿ ಹೊಡೆದ ಕಟ್ಟಿಗೆಯ ರೀಪುಗಳ ಮೇಲೆ. ಅವಳ ಕಡೆ ತಡೆದು ನಿಂತ ನೀರು ರೀಪಿನ ಗುಂಟ ಹರಿದು ಬಂದು ನಮ್ಮ ಕಡೆ ತೊಟ್ಟಿಕ್ಕಿತು. ಹೆಂಚಿನ ಮನೆಯಲ್ಲಿ ತೂತು ಇರುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ.

ಅವಳು ಮೂಗು ಏರಿಸಿದಳು. "ಸೋರಾಕತ್ತಿದ್ದು ನಿನ್ನ ಕಡೆ. ನನ್ನ ಕಡೆ ಒಂದು ಹನಿ ಇಲ್ಲ. ಅಂದ್ರ ತಪ್ಪು ಯಾರದು?"

ಪೋತ್ನಾಳದಿಂದ ಹೆಂಚು ಹೊದಿಸುವ ಹುಸೇನಸಾಬನನ್ನು ಕರೆಸಿದೆ. ಕರೆಸಿದೆ ಎಂದು ಸುಲಭವಾಗಿ ಬರೆದುಬಿಟ್ಟೆ. ಫೋನು ಮಾಡಿದಾಗಲೆಲ್ಲ ಅವನು, "ಬಸ್ ಸ್ಟ್ಯಾಂಡಿನ್ಯಾಗೇ ಅದೀನ್ರಿ," ಎನ್ನುವನು, ಯಾವ ಊರಿನ ಬಸ್ ಸ್ಟ್ಯಾಂಡು ಎಂದು ಹೇಳುವವನಲ್ಲ. ಮುಂಗಾರು ಅರ್ಧ ಮುಗಿದ ಮೇಲೆ ಬಂದ. ಒಡೆದ ಹೆಂಚು ಬದಲಿಸಿದ, ಮಂಗಗಳು ಸರಿಸಿದ್ದನ್ನು ಮತ್ತೆ ಕೂರಿಸಿದ, ಬೇವಿನ ಎಲೆ ತುಂಬಿ ಕಟ್ಟಿಕೊಂಡಿದ್ದ, ಮಳೆನೀರು ಹರಿದುಹೋಗುವ ತಗಡಿನ ದೋಣಿಯನ್ನು ಬಳಿದು ಸ್ವಚ್ಛ ಮಾಡಿದ. ಎರಡು ಇಳಿಜಾರು ಕೂಡುವ ನೆತ್ತಿಯ ಮೇಲೆ ಗಾರೆ ಬಿಟ್ಟು ಅಲುಗಾಡುತ್ತಿದ್ದ ಹೆಂಚುಗಳನ್ನು ಹೊಸ ಗಾರೆ ಹಾಕಿ ಕೂರಿಸಿದ. ಕೊನೆಗೆ ಆಯಮ್ಮನ ಮಣ್ಣು ಕಂಡು ಹಣೆ ಬಡಿದುಕೊಂಡ.

"ಯವ್ವಾ, ಹಿಂಗ ಮುಚ್ಚಿದ್ರ ನೀರು ಹಿಂದಕ ಹೊಳ್ಳತದ. ರೀಪು ಕೊಳೀತಾವ."

"ನಿನ್ನ ಮನಿ ಎಂಥಾದ್ದು?" ಎಂದಳು ಆಯಮ್ಮ.

"ನಂದು ಆರ್‌ಸಿಸಿ ಅದ."

"ಅದರಾಗ ಸಂದಿ ಬಿಟ್ಟೀಯೇನು?"

ಹುಸೇನಸಾಬ ನನ್ನ ಮುಖ ನೋಡಿದ. ಆಮೇಲೆ ಚಹಾ ಆಗಿದೆಯೇ ಎಂದು ಕೇಳಿದ. ನನ್ನ ಪರವಾಗಿ ಮಾತಾಡಲು ಕರೆಸಿದವನ ಗತಿ ಇಷ್ಟು.

ಅವನು ಹೋದ ಮೇಲೆ ಆಯಮ್ಮ ಒಂದು ಮಾತು ಮಾತ್ರ ಒಪ್ಪಿಕೊಂಡಳು. ಮಣ್ಣು ಕರಗುತ್ತದೆ. ಆದ್ದರಿಂದ ಸಿಮೆಂಟು ಹಾಕತೊಡಗಿದಳು. ಹೆಂಚಿನ ಮೇಲೆ ಅವಳು ಅಂಗಳದಲ್ಲಿ ಓಡಾಡಿದಂತೆ ಓಡಾಡುವಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟು ರೂಢಿಯಿದ್ದವಳು ಇಲ್ಲೂ ಇಟ್ಟಳು. ಒಣಗಿದ ಸಂಡಿಗೆಯೆಲ್ಲ ಜಾರಿ ನಮ್ಮ ಹಿತ್ತಲಿಗೆ ಬಿದ್ದು, ಅವನ್ನು ನಾವು ಕದ್ದೆವೆಂದು ಆಯಿತು. ಹತ್ತಿದಾಗೊಮ್ಮೆ ಹೆಂಚು ಬಿರುಕು ಬಿಡುತ್ತಿತ್ತು, ಬಿರುಕಿಗೆ ಸಿಮೆಂಟು ಹಚ್ಚುತ್ತಿದ್ದಳು, ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಆ ಸಿಮೆಂಟೂ ಬಿರುಕು ಬಿಡುತ್ತಿತ್ತು, ಅದನ್ನು ಮುಚ್ಚಲು ಮತ್ತೆ ಹತ್ತುತ್ತಿದ್ದಳು. ಹೆಂಚೆಲ್ಲ ಕಿತ್ತು ಇಬ್ಬರೂ ಕೂಡಿ ಆರ್‌ಸಿಸಿ ಹಾಕಿಸೋಣ ಎಂದರೆ, "ನನ್ನ ತೊಲಿ ಮುಟ್ಟಿ ನೋಡು," ಎಂದಳು. ತೊಲೆಗಳು ಎರಡೂ ಮನೆಗೆ ಸೇರಿದವು. ಅವಳು ಬೇಡ ಎಂದರೆ ಆಗುವಂತಿರಲಿಲ್ಲ.

ಇಷ್ಟಾದರೂ ನನ್ನ ಹೆಂಡತಿ ಅವಳ ಕಡೆಯೇ. ನಮ್ಮ ಒಬ್ಬಳೇ ಮಗಳು ರೇಣುಕಾ ಹುಟ್ಟಿದ್ದು ಆಯಮ್ಮನ ಕೈಯಲ್ಲಿ. ಬುದ್ಧಿ ಬಂದಾಗಿನಿಂದ ಆ ಹುಡುಗಿ ಊಟ ಮಾಡುವುದು ಇಲ್ಲಿ, ನಿದ್ದೆ ಮಾಡುವುದು ಗೋಡೆಯಾಚೆ. ಹಾಗಾಗಿ ನಾನು ಹೆಂಚಿನ ಮಾತು ತೆಗೆದರೆ ನನ್ನದೇ ಮನೆಯಲ್ಲಿ ನಾನೇ ಹೊರಗಿನವನು.

ರೇಣುಕಾಳನ್ನು ದೇವದುರ್ಗಕ್ಕೆ ಕೊಟ್ಟೆವು. ಮೊದಲ ಹೆರಿಗೆಗೆ ತವರಿಗೆ ಬಂದಳು. ದವಾಖಾನೆಯಲ್ಲಿ ಹೆರಿಗೆಯಾಗಿ ಗಂಡುಕೂಸಿನೊಂದಿಗೆ ಮನೆಗೆ ಬರುವ ಹೊತ್ತಿಗೆ ಆಯಮ್ಮ ಬಾಣಂತಿಯ ಕೋಣೆಯನ್ನು ಸಜ್ಜು ಮಾಡಿ ಇಟ್ಟಿದ್ದಳು. ನಾನು ಅವತ್ತು ಗಿರಣಿಯಿಂದ ಅರ್ಧ ದಿನಕ್ಕೇ ಬಂದು ನೋಡಿದರೆ ಕೋಣೆಯಲ್ಲಿ ಹಗಲೇ ಕತ್ತಲೆ. ಕಿಟಕಿಗೆ ಹಲಗೆ ಹೊಡೆಸಿದ್ದಳು. ನಡುಗೋಡೆಯ ಮೇಲಿನ ಬಯಲಿಗೆ ತಾಡಪಾಲು ಕಟ್ಟಿ ಅದರ ಮೇಲೂ ಹಲಗೆ ಹೊಡೆಸಿದ್ದಳು. ಹೆಂಚಿನ ಸಂದಿಗಳಿಗೆ ಒಳಗಿನಿಂದ ಹಳೆಯ ಸೀರೆಯ ಚಿಂದಿ, ಹೊರಗಿನಿಂದ ಸಿಮೆಂಟು. ಈ ಸಲ ನನ್ನ ಪಾಲಿನ ಹೆಂಚಿಗೇ.

"ಇದೇನಬೇ ಯವ್ವಾ?"

"ಹಸಿ ಬಾಣಂತಿ. ಗಾಳಿ ಹತ್ತಬಾರದು. ಗಾಳಿ ಹತ್ತಿದ್ರ ಜಲ್ಮಪೂರ್ತಿ ತಲಿ ಹಿಡೀತದ."

"ಒಳಗ ಉಸಿರು ಕಟ್ಟತದ."

"ಎಷ್ಟು ಮಂದಿ ಬಾಣಂತನ ಮಾಡೀಯಪಾ ನೀ?"

ಹೆಂಡತಿಯ ಕಡೆ ನೋಡಿದೆ. "ಮಳಿಗಾಲರೀ. ಮೊನ್ನಿ ರಾತ್ರಿ ಥಣ್ಣನ್ನ ಗಾಳಿ ಬರ್ತಿತ್ತು," ಎಂದಳು. ಮಗಳು ನಕ್ಕು ಮಗ್ಗುಲು ಬದಲಿಸಿದಳು. ಹೊರಸಿನ ಕೆಳಗೆ ಕಬ್ಬಿಣದ ಬುಟ್ಟಿಯಲ್ಲಿ ಇದ್ದಿಲಿನ ಕೆಂಡ. ನಮ್ಮ ಕಡೆ ಬಾಣಂತಿಗೆ ಕೆಂಡ ಕಾಸುವುದು ಹೊಸದೇನಲ್ಲ, ಇದೇ ಕೋಣೆಯಲ್ಲಿ ನನ್ನ ಹೆಂಡತಿಗೂ ಕಾಸಿದ್ದರು. ಆಗ ತಲೆಯ ಮೇಲೆ ಸಂದಿಗಳಿದ್ದವು.

ಶ್ರಾವಣದ ಒಂದು ಭಾನುವಾರ. ಬೆಳಗಿನಿಂದ ಜಿಟಿಜಿಟಿ ಮಳೆ, ಮಧ್ಯಾಹ್ನಕ್ಕೆ ಜೋರಾಯಿತು. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು ರೇಣುಕಾ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗಿದ್ದಳು. ಚಳಿ ಎಂದು ಅವತ್ತು ಕೆಂಡ ಹೆಚ್ಚೇ ಹಾಕಿದ್ದರು. ಊಟಕ್ಕೆ ಕರೆದರೆ ಉತ್ತರವಿಲ್ಲ. ನಿದ್ದೆ ಇರಬೇಕು ಎಂದುಕೊಂಡೆವು. ಮತ್ತೊಮ್ಮೆ ಕರೆದಾಗ ಒಳಗೆ ಏನೋ ಉರುಳಿದ ಸದ್ದು, ಕೂಸಿನ ಒಂದು ಕ್ಷೀಣ ದನಿ. ಆಮೇಲೆ ಅದೂ ಇಲ್ಲ. ನಾನು ಬಾಗಿಲಿಗೆ ಹೆಗಲು ಕೊಟ್ಟೆ. ಹತ್ತಿ ವ್ಯಾಪಾರಿಯ ಕಾಲದ ಸಾಗವಾನಿ ಬಾಗಿಲು, ಅಲುಗಲಿಲ್ಲ.

"ಯಾಕ, ಏನಾತು?" ಎನ್ನುತ್ತಾ ಆಯಮ್ಮ ಬಂದಳು. ಬಾಗಿಲ ಬಿರುಕಿಗೆ ಮೂಗು ಹಚ್ಚಿದಳು. ತಟ್ಟನೆ ಹಿಂದೆ ಸರಿದಳು.

"ಇದ್ದಿಲ ಹೊಗಿ," ಎಂದಳು. "ಇಂಥವರನ್ನ ದವಾಖಾನಿಗೆ ತರ್ತಿದ್ರು."

ಹಿತ್ತಲಲ್ಲಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಆ ಮಳೆಯಲ್ಲಿ ನಿಚ್ಚಣಿಕೆ ಹತ್ತಿದಳು. ಸಿಮೆಂಟು ಹಿಡಿದ ಹೆಂಚುಗಳು ಬಿಡಿಯಾಗಿ ಏಳುವುದಿಲ್ಲ. ಬಿಡಿಬಿಡಿಯಾಗಿದ್ದರೆ ಕೈಯಲ್ಲೇ ಸರಿಸಬಹುದಿತ್ತು. ಅವಳು ಹಾರೆಯಿಂದ ಕುಟ್ಟುವ ಸದ್ದು ನನಗೆ ಕೆಳಗೆ ಕೇಳುತ್ತಿತ್ತು. ಮೊದಲು ಮೂಲೆಯಲ್ಲಿ ಒಡೆದಳು, ಆಮೇಲೆ ಹೊರಸಿನ ಕಾಲ ದೆಸೆಗೆ. ಹೊರಸು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಹಾಕಿಸಿದವಳು ಅವಳೇ. ಒಡೆದಲ್ಲಿಂದ ಮಳೆ ಒಳಗೆ ಸುರಿಯಿತು. ಗಾಳಿ ಸೋಕಬಾರದು ಎಂದವಳು ಮೇಲೆ ಬೋರಲು ಬಿದ್ದು ಕೂಗುತ್ತಿದ್ದಳು.

"ಏಳಬೇ ರೇಣುಕಾ. ಕೂಸಿನ್ನ ಎತ್ತಿಕೋ. ತೊಯ್ದ್ರ ತೊಯ್ಲಿ, ಏಳು. ಬಾಗಿಲ ತಗಿ."

ಎಷ್ಟು ಹೊತ್ತಾಯಿತೋ ತಿಳಿಯದು. ಅಗಳಿ ಸರಿಯಿತು. ಮಗಳು ನೆಂದು ತೊಪ್ಪೆಯಾಗಿ, ಕೂಸನ್ನು ಎದೆಗೆ ಒತ್ತಿಕೊಂಡು ನನ್ನ ಕಾಲ ಬಳಿ ಕುಸಿದಳು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಸಂಜೆಯ ಹೊತ್ತಿಗೆ ಕೂಸು ಗಂಟಲು ಬಿಟ್ಟು ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ. ಮುಚ್ಚಿದ ಕೋಣೆಯಲ್ಲಿ ಇನ್ನೆಂದೂ ಕೆಂಡ ಇಡಬೇಡಿ ಎಂದು ಡಾಕ್ಟರು ನನ್ನನ್ನೇ ಗದರಿಸಿದರು. ಸರಿಯಾಗಿಯೇ ಗದರಿಸಿದರು, ಆದರೆ ಗದರಿಸಿಕೊಳ್ಳಬೇಕಾದವಳು ಬೇರೊಬ್ಬಳಿದ್ದಳು.

ಮನೆಗೆ ಬಂದವನೇ ಓಣಿಯ ನಡುವೆ ನಿಂತು ಅವಳಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಕೈ ತುಂಬ ಹೆಂಚಿನ ಗೀರುಗಳು. ಮೂಗು ಏರಿಸಲಿಲ್ಲ.

"ಮಣ್ಣಿನ ಮಾಳಿಗಿಗೆ ನಡುವ ಒಂದು ಗವಾಕ್ಷಿ ಇರ್ತದ ತಮ್ಮಾ," ಎಂದಳು ನಾನು ಮುಗಿಸಿದ ಮೇಲೆ. "ಹೊಗಿ ಹೋಗಾಕ. ಉಳಿದದ್ದೆಲ್ಲ ಮುಚ್ಚಿದ್ರ ನಡೀತದ. ಇಲ್ಲಿ ಅದು ಇಲ್ಲ ಅಂತ ನಾ ಲಕ್ಷ್ಯ ಮಾಡ್ಲಿಲ್ಲ."

ಅವಳು ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದರಿಂದ ಸಿಟ್ಟು ಇಳಿಯಬೇಕಿತ್ತು. ಇಳಿಯುವ ಬದಲು ಏರಿತು. ಇಷ್ಟು ವರ್ಷ ನನ್ನೊಂದಿಗೆ ಕಾಲು ಕೆದರಿ ಜಗಳಾಡಿದವಳು, ನಾನು ಗೆದ್ದ ದಿನವೇ ಜಗಳಕ್ಕೆ ಸಿಗಲಿಲ್ಲ.

ಹುಸೇನಸಾಬ ಈ ಸಲ ಕರೆದ ತಕ್ಷಣ ಬಂದ. ಎರಡೂ ಮನೆಯ ಸಿಮೆಂಟು, ಗೋಡೆಯ ಮೇಲಿನ ತಾಡಪಾಲು, ಹಲಗೆ ಎಲ್ಲ ಕಿತ್ತ. ಕೊಳೆತ ರೀಪುಗಳನ್ನು ತೆಗೆದು ಹೊಸವು ಹೊಡೆದ, ಅವಳ ಕಡೆಯೇ ಹೆಚ್ಚು ಕೊಳೆತಿದ್ದವು. ಆಯಮ್ಮ ತಾನೇ ಹೆಂಚು ಎತ್ತಿಕೊಟ್ಟಳು. ಅಲ್ಲಿಗೆ ನಮ್ಮ ಮನೆ ಸೋರುವುದು ನಿಂತಿತು. ಅದರ ಜೊತೆಗೆ ಅವಳ ಮಾತೂ ನಿಂತಿತು. ಸಾರಿಗೆ ಉಪ್ಪು ಹೆಚ್ಚಾದರೂ ಗೋಡೆಯಾಚೆಯಿಂದ ಉತ್ತರವಿಲ್ಲ. ಬಾಣಂತನಕ್ಕೆ ಕರೆಯಲು ಬಂದವರಿಗೆ, "ನನ್ನ ಕೈ ಬ್ಯಾಡ್ರಿ," ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು. ಬೇಡ ಎಂದಾಗ ಮಾಡುತ್ತಿದ್ದವಳು ಈಗ ಮಾಡು ಎಂದರೂ ಮಾಡುತ್ತಿರಲಿಲ್ಲ. ಹೇಗಿದ್ದರೂ ನನಗೆ ನೆಮ್ಮದಿ ಇಲ್ಲ.

ಎರಡನೆಯ ಸಲ ರೇಣುಕಾ ಬಸುರಿಯಾದಳು. ಹೆರಿಗೆಗೆ ಮಾನ್ವಿಗೇ ಬರುತ್ತೇನೆ, ನನಗೂ ಕೂಸಿಗೂ ಆಯಮ್ಮನೇ ನೀರು ಎರೆಯಬೇಕು ಎಂದು ಫೋನಿನಲ್ಲಿ ಹೇಳಿದಳು. ಗೋಡೆಯ ಮೇಲಿನ ಬಯಲಿನಿಂದ ಅದನ್ನು ಕೇಳಿಸಿಕೊಂಡ ಆಯಮ್ಮ ಮಗಳು ಬರುವ ಮೊದಲೇ ಮನೆಗೆ ಕೀಲಿ ಹಾಕಿ ಅರಕೇರಾಕ್ಕೆ ಅಣ್ಣನ ಮಗನ ಮನೆಗೆ ಹೋಗಿಬಿಟ್ಟಳು. ಹೆರಿಗೆಯಾಯಿತು, ಹೆಣ್ಣುಕೂಸು. ದವಾಖಾನೆಯ ಹಾಸಿಗೆಯಲ್ಲಿ ಮಲಗಿ ಮಗಳು ಹಟ ಹಿಡಿದಳು. "ಆಕಿ ಬರೂತನ ನಾ ಮನಿಗೆ ಬರಂಗಿಲ್ಲಪ್ಪಾ. ಆಕಿ ಮುಚ್ಚಿದ್ದು ನಿನಗ ನೆನಪದ. ಒಡದದ್ದು ನನಗ ನೆನಪದ."

ಗಿರಣಿಗೆ ರಜೆ ಹಾಕಿ, ದೇವದುರ್ಗದಲ್ಲಿ ಬಸ್ಸು ಬದಲಿಸಿ, ಬೈದುಕೊಳ್ಳುತ್ತಾ ಅರಕೇರಾಕ್ಕೆ ಹೋದೆ. ಆಯಮ್ಮ ಮಾಳಿಗೆಯ ಮೇಲೆ ಕೂತು ಬಿರುಕಿಗೆ ಮಣ್ಣು ಮೆತ್ತುತ್ತಿದ್ದಳು. ಕೆಳಗಿನಿಂದಲೇ ಕೂಗಿದೆ.

"ಹೆಣ್ಣು ಆಗೇದ. ರೇಣುಕಾ ಕರಿಯಾಕತ್ತಾಳ."

"ನಾ ಬರಂಗಿಲ್ಲ ತಮ್ಮಾ."

"ನನಗೂ ನಿನ್ನ ಕರಿಯೂ ಹೌಸಿ ಇಲ್ಲ. ಆಕಿ ದವಾಖಾನಿ ಬಿಟ್ಟು ಏಳವಲ್ಲಳು."

ಅವಳು ಕೈಯ ಮಣ್ಣು ನೋಡಿಕೊಂಡಳು. "ಆ ಖೋಲಿ ಹೆಂಚು ಹ್ಯಾಂಗ ಅದಾವ?"

"ಹುಸೇನಸಾಬ ಹೊದಿಸಿದಂಗೇ ಅದಾವ. ಬೆಳಕು ಕಾಣತದ."

ಕೆಳಗಿಳಿದು ಕೈ ತೊಳೆದು ಬಂದಳು. ಇಡೀ ದಾರಿ ಬಸ್ಸಿನಲ್ಲಿ ಕಂಡಕ್ಟರನನ್ನೂ ಬೈಯಲಿಲ್ಲ.

ಮರುದಿನ ರೇಣುಕಾಳನ್ನು ಮನೆಗೆ ಕರೆತರುವುದಿತ್ತು. ಅದರ ಹಿಂದಿನ ಮಧ್ಯಾಹ್ನ ನಾನು ಪೇಟೆಯಿಂದ ಬರುವಾಗ ಹೆಂಡತಿ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು. ಆಯಮ್ಮ ಬಾಣಂತಿಯ ಕೋಣೆಗೆ ಹೋಗಿ, ಕಿಟಕಿ ಮುಚ್ಚಿ, ಒಳಗಿನಿಂದ ಅಗಳಿ ಹಾಕಿಕೊಂಡಿದ್ದಾಳೆ ಎಂದಳು.

"ಹಾಕ್ಕೊಳ್ಳಲಿ ಬಿಡು, ಮಲಗಿರಬೇಕು."

"ಬುಟ್ಟಿ ತುಂಬ ಕೆಂಡ ಒಯ್ದಾಳ್ರೀ. ಕೂಗಿದ್ರ ಓ ಅನವಲ್ಲಳು."

ಬಾಗಿಲು ಬಡಿದೆ. ಬೈದೆ. ಯವ್ವಾ ಎಂದು ಕರೆದೆ. ಗೋಡೆಯಾಚೆಯಿಂದ ಇಣುಕೋಣವೆಂದರೆ ಅವಳ ಮನೆಗೆ ಕೀಲಿ. ಎರಡನೆಯ ಮೆಟ್ಟಿಲಿಗೇ ತಲೆ ತಿರುಗುವ ನಾನು ಅವತ್ತು ನಿಚ್ಚಣಿಕೆ ಹೇಗೆ ಹತ್ತಿದೆನೋ ದೇವರಿಗೇ ಗೊತ್ತು. ಈ ಮುದುಕಿ ಸತ್ತುಹೋದರೆ ಎಂಬುದೊಂದೇ ತಲೆಯಲ್ಲಿತ್ತು, ಅವಳ ಮೇಲೆ ನನಗೆ ಅಷ್ಟು ಜೀವ ಇತ್ತೆಂದು ಅವತ್ತೇ ನನಗೆ ತಿಳಿದದ್ದು. ಹೆಂಚಿನ ಮೇಲೆ ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಒಂದು ಹೆಂಚು ಲಟಕ್ಕನೆ ಒಡೆದು ನನ್ನ ಕಾಲು ತೊಡೆಯವರೆಗೆ ಒಳಗೆ ಹೋಯಿತು.

ಪಕ್ಕದ ಹೆಂಚು ಸರಿಸಿ ಬಗ್ಗಿ ನೋಡಿದೆ. ಕೆಳಗೆ ಕೆಂಡದ ಬುಟ್ಟಿ, ಅದರ ಮೇಲೆ ಹೊರಸು, ಹೊರಸಿನ ಮೇಲೆ ಆಯಮ್ಮ. ಮುಖದ ಮೇಲೆ ಹೆಂಚಿನ ಪುಡಿ ಬಿದ್ದು ಆಗಷ್ಟೇ ಎಚ್ಚರವಾಗಿತ್ತು. ನೇತಾಡುತ್ತಿದ್ದ ನನ್ನ ಕಾಲನ್ನು ನೋಡಿ ಮೂಗು ಏರಿಸಿದಳು.

"ಸಾಕು ತಮ್ಮಾ. ಗಾಳಿ ಭಾಳ ಆತು."

"ಹುಚ್ಚು ಹಿಡಿದದೇನಬೇ ನಿನಗ? ಸಾಯಾಕ ಮಲಗಿದ್ದೇನು?"

ಅವಳು ಎದ್ದು ಕೂತು ಸೀರೆಯ ಮೇಲಿನ ಪುಡಿ ಝಾಡಿಸಿದಳು.

"ಸತ್ರ ನಾ ಸಾಯ್ತಿದ್ದೆ. ಸಾಯ್ಲಿಲ್ಲ. ನಾಳಿ ನನ್ನ ರೇಣುಕಾನ್ನ ಇಲ್ಲಿ ಮಲಗಿಸು."